ಸೀತನಿಯ ಡಬ್ಬಿ

ಜನವರಿ ಬಂತೆಂದರೆ ನಮ್ಮ ಕಚೇರಿಯ ಊಟದ ಮೇಜಿನ ಮೇಲೆ ಒಂದು ಗಡಿತಂಟೆ ತಪ್ಪದೆ ಏಳುತ್ತದೆ. ಸೂರತ್ತಿನವರಾದ ಒಬ್ಬ ಬೆನ್ ಸಾಂತಾಕ್ರೂಜ್ ಪಶ್ಚಿಮದ ಮಾರುಕಟ್ಟೆಯಿಂದ ತಂದ ಎಳೆಯ ಹಸಿರು ಕಾಳಿಗೆ ನಿಂಬೆ, ಮೆಣಸಿನ ಸೇವು ಬೆರೆಸಿ ಎಲ್ಲರ ಮುಂದೆ ಹಿಡಿಯುತ್ತಾರೆ. ಅದು ಅವರ ಪೋಂಕ್. ಸೊಲ್ಲಾಪುರದ ಸಹೋದ್ಯೋಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಸೇವು ಬೆರೆಸಿದ ಮೇಲೆ ಹುರ್ಡಾದ ರುಚಿ ತಿಳಿಯುವುದಾದರೂ ಹೇಗೆ ಎಂದು ಮರುಗುತ್ತಾರೆ. ನಾನು, ವಿಜಯಪುರ ಜಿಲ್ಲೆಯವನು, ಇಬ್ಬರಿಗೂ ಸೀತನಿಯೆಂಬುದೇ ಗೊತ್ತಿಲ್ಲವೆಂದು ಘೋಷಿಸುತ್ತೇನೆ. ಕುಂದಾಪುರದ ಗೆಳೆಯರೊಬ್ಬರು ಮಾತ್ರ ದೂರದಿಂದಲೇ, 'ಹಕ್ಕಿ ತಿನ್ನುವುದಕ್ಕೆ ಇಷ್ಟೆಲ್ಲ ಗಲಾಟೆಯಾ ಮಾರಾಯ್ರೆ? ಒಣಮೀನು ಕೆಂಡದಲ್ಲಿ ಸುಟ್ಟು ಚಟ್ನಿ ಮಾಡಿ ತಿಂದದ್ದುಂಟಾ ನೀವು?' ಎಂದು ಕೇಳಿ ಸಭೆಯನ್ನು ಕೆಡಿಸುತ್ತಾರೆ.

ಮೂರೂ ಒಂದೇ ವಸ್ತು. ಹಿಂಗಾರಿ ಜೋಳದ ತೆನೆ ಹಾಲುಗಾಳಿನ ಹದ ದಾಟಿ, ಇನ್ನೂ ಗಟ್ಟಿಯಾಗದೆ ಇರುವ ಎಂಟು ಹತ್ತು ದಿನಗಳಲ್ಲಿ ಅದನ್ನು ಮುರಿದು ಕೆಂಡದಲ್ಲಿ ಸುಟ್ಟು ಉದುರಿಸಿದ ಕಾಳು. ಸಿಹಿ ತೆನೆ ಎಂಬುದೇ ನಮ್ಮ ಬಾಯಲ್ಲಿ ಸೀತನಿಯಾಗಿದೆ. ಕಲಬುರಗಿಯ ಕಡೆ ಬೆಳಸಿ ಎನ್ನುತ್ತಾರೆ. ಕಾಳಿನ ಸಕ್ಕರೆ ದಿನದಿನಕ್ಕೆ ಹಿಟ್ಟಾಗುತ್ತ ಹೋಗುವುದರಿಂದ ಹದ ತಪ್ಪಿದರೆ ಅದು ಬರಿಯ ಜೋಳ. ಹಾಗಾಗಿ ಇದು ಅಂಗಡಿಯ ತಿಂಡಿಯಲ್ಲ. ಹೊಲಕ್ಕೇ ಹೋಗಿ ತಿನ್ನಬೇಕಾದದ್ದು.

ನಮ್ಮದು ಡೋಣಿ ನದಿಯ ಆಸುಪಾಸಿನ ಎರಿ ಹೊಲ. ಅಪ್ಪ ಹೊಲದ ಬದುವಿನ ಹತ್ತಿರ ಮೊಣಕಾಲುದ್ದದ ಕುಣಿ ತೋಡಿ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಿದ್ದ. ಉರಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕವಿಯುವವರೆಗೆ ಯಾರೂ ತೆನೆ ಮುಟ್ಟುವಂತಿರಲಿಲ್ಲ. ಉರಿಯಲ್ಲಿ ಹಿಡಿದರೆ ಹೊರಗೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ. ಕುಳ್ಳಿನ ನಿಧಾನದ ಕಾವೇ ಬೇಕು. ತೆನೆಗಳನ್ನು ಬೂದಿಯಲ್ಲಿ ಹುಗಿದು, ಹೊರಳಿಸಿ, ಬಿಸಿಯಾಗಿರುವಾಗಲೇ ತೆಗೆದು ಅಂಗೈಯಲ್ಲಿ ತಿಕ್ಕಬೇಕು. ಆರಿದ ಮೇಲೆ ಕಾಳು ಸಿಪ್ಪೆ ಬಿಡುವುದಿಲ್ಲ. ಅಪ್ಪನ ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ ಹೊಗೆಯಾಡುವ ತೆನೆಯನ್ನು ಹಿಡಿದು ಅವನು ಮಳೆಯ ಮಾತಾಡುತ್ತ ಕೂತಿರಬಲ್ಲವನಾಗಿದ್ದ. ಉದುರಿದ ಕಾಳನ್ನು ಮರದಲ್ಲಿ ಹಾಕಿ ಅವ್ವ ಕೇರುತ್ತಿದ್ದಳು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಒಂದು ಹಳಕು ಬೆಲ್ಲ, ಗಟ್ಟಿ ಮೊಸರು. ಕಾಳು ಹಾಲಿನಂತೆ ಸಿಹಿ, ಅದರ ಹಿಂದೆ ಹೊಗೆಯ ಒಂದು ಕಹಿ ಎಳೆ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ ಊಟ ಮಾಡಿದ ಮೇಲೂ, ಸಂಜೆ ಸೀತನಿಗೆ ಹೊಟ್ಟೆಯಲ್ಲಿ ಜಾಗ ಇದ್ದೇ ಇರುತ್ತಿತ್ತು.

ಸುಡುವುದರ ಸುತ್ತ ಹುಟ್ಟುವ ಊರಭಿಮಾನ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಬಾರ್ಬೆಕ್ಯೂ ಎಂದರೆ ಟೆಕ್ಸಸ್ಸಿನವರಿಗೆ ದನದ ಎದೆಭಾಗದ ಮಾಂಸ. ಉತ್ತರ ಕೆರೊಲಿನಾದವರಿಗೆ ಹಂದಿ. ಆ ಒಂದು ರಾಜ್ಯದೊಳಗೇ ಪೂರ್ವದವರು ಇಡೀ ಹಂದಿಯನ್ನು ಸುಟ್ಟು ವಿನೆಗರ್ ಹಚ್ಚಿದರೆ, ಪಶ್ಚಿಮದವರು ಭುಜದ ಭಾಗ ಮಾತ್ರ ಸುಟ್ಟು ಹುಳಿಗೆ ಟೊಮೆಟೊ ಸೇರಿಸುತ್ತಾರೆ. ಎರಡು ಬಣಗಳೂ ಒಂದನ್ನೊಂದು ಒಪ್ಪಿದ್ದಿಲ್ಲ. ಎಂ.ಎ. ತರಗತಿಯಲ್ಲಿ ನಮಗೆ ಚಾರ್ಲ್ಸ್ ಲ್ಯಾಂಬನ ಪ್ರಬಂಧವೊಂದಿತ್ತು. 1822ರಲ್ಲಿ ಅಚ್ಚಾದ ಅದರಲ್ಲಿ ಚೀನಾದ ಹುಡುಗನೊಬ್ಬ ಅಕಸ್ಮಾತ್ತಾಗಿ ಗುಡಿಸಲಿಗೆ ಬೆಂಕಿ ತಗುಲಿಸಿ ಸುಟ್ಟ ಹಂದಿಮರಿಯ ರುಚಿ ಕಂಡುಕೊಳ್ಳುತ್ತಾನೆ. ಆ ಮೇಲೆ ಆ ರುಚಿಗಾಗಿ ಜನ ಮನೆಗಳನ್ನೇ ಸುಡತೊಡಗುತ್ತಾರೆ. ಆಗ ನಕ್ಕು ಓದಿದ್ದೆ. ಲ್ಯಾಂಬ್ 1792ರಿಂದ 1825ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನೆಂಬುದು, ನಾನೂ ಕಡತಗಳ ನಡುವೆ ಬಂದು ಕುಳಿತ ಮೇಲೆ ಹೆಚ್ಚು ಅರ್ಥಪೂರ್ಣವಾಗಿ ಕಂಡಿತು. ದಿನವಿಡೀ ಜಮಾಖರ್ಚು ಬರೆಯುವವನಿಗೆ ಬೆಂಕಿಯ, ರುಚಿಯ ನೆನಪು ತುಸು ಜಾಸ್ತಿಯೇ ಕಾಡುತ್ತದೋ ಏನೋ.

ಮುಂಬಯಿಯಲ್ಲಿ ನನ್ನ ಅಭಿಮಾನಕ್ಕೆ ಇನ್ನೊಂದು ಕಾರಣವಿತ್ತು. ಇಲ್ಲಿ ಕನ್ನಡಿಗನೆಂದರೆ ಉಡುಪಿ ಹೋಟೆಲು, ಇಡ್ಲಿ, ದೋಸೆ. ಆ ಕೀರ್ತಿ ಕರಾವಳಿಯವರು ಬೆವರು ಸುರಿಸಿ ಗಳಿಸಿದ್ದು. ನನಗೆ ಅದರಲ್ಲಿ ಪಾಲಿಲ್ಲ. ರೊಟ್ಟಿಯನ್ನು ಮುಂದಿಟ್ಟರೆ ಅದು ಮರಾಠಿಯವರ ಭಾಕರಿಯಾಗುತ್ತದೆ, ಜುಣಕವನ್ನಿಟ್ಟರೆ ಝುಣಕಾ ಆಗುತ್ತದೆ. ಉಳಿದದ್ದು ಸೀತನಿ ಒಂದೇ ಎಂದುಕೊಂಡು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

2023ನೆಯ ಇಸವಿ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಸರ್ಕಾರಿ ಕ್ಯಾಂಟೀನುಗಳಲ್ಲಿ ಜೋಳ, ಸಜ್ಜೆ, ರಾಗಿಗಳಿಗೆ ಒಮ್ಮೆಲೇ ಮರ್ಯಾದೆ ಬಂದಿತ್ತು. ಆ ಜನವರಿಯಲ್ಲಿ ಮೇಜಿನ ಮೇಲೆ ಮಾತು ಬೆಳೆದು, ನಮ್ಮ ಹೊಲದ ಸೀತನಿಯನ್ನೇ ತರಿಸಿ ತೋರಿಸುತ್ತೇನೆಂದು ಪಂಥ ಕಟ್ಟಿದೆ. ಅಂದೇ ರಾತ್ರಿ ಅಣ್ಣನಿಗೆ ಫೋನು ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಹೊಲವೆಲ್ಲ ಅವನ ಸುಪರ್ದಿನಲ್ಲಿದೆ. ಅವನು ಕ್ಷಣಹೊತ್ತು ಸುಮ್ಮನಿದ್ದು, 'ಕಳಸ್ತೀನಿ ತಗೊ' ಎಂದ. ನಾಲ್ಕನೆಯ ದಿನ ಬೆಳಗಿನ ಜಾವ ವಾಕೋಲಾದ ಬಳಿ ಹೆದ್ದಾರಿಯಲ್ಲಿ ನಿಂತು, ಊರ ಕಡೆಯಿಂದ ಬಂದ ರಾತ್ರಿ ಬಸ್ಸಿನ ಚಾಲಕನ ಕೈಯಿಂದ ಸ್ಟೀಲಿನ ಡಬ್ಬಿಯನ್ನು ಇಳಿಸಿಕೊಂಡೆ. ಮುಚ್ಚಳಕ್ಕೆ ವೈನಿ ಬಟ್ಟೆ ಕಟ್ಟಿದ್ದರು. ಹಿಂಡಿಯ ಪೊಟ್ಟಣವೂ ಇತ್ತು.

ಅಂದಿನ ನನ್ನ ವೈಭವವನ್ನು ಏನೆಂದು ಹೇಳಲಿ! ಬೆನ್ ಸೇವು ಬೆರೆಸದೆ ಎರಡು ಸಲ ಹಾಕಿಸಿಕೊಂಡರು. ಕುಂದಾಪುರದವರು ಹಕ್ಕಿಯ ಮಾತನ್ನು ಹಿಂದಕ್ಕೆ ಪಡೆದರು. ಸೊಲ್ಲಾಪುರದವರು ಬಹಳ ಹೊತ್ತು ಅಗಿದು, ತಮ್ಮ ಕಡೆಯದ್ದಕ್ಕಿಂತ ಇದೇ ಮೇಲು ಎಂದು ಒಪ್ಪಿಕೊಂಡರು. ಎರಿ ಮಣ್ಣಿನ ಗುಣ, ಡೋಣಿಯ ನೀರಿನ ಗುಣ ಎಂದು ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ.

ಮೇ ತಿಂಗಳಲ್ಲಿ ಮದುವೆಯೊಂದಕ್ಕೆ ಊರಿಗೆ ಹೋದಾಗ ಸಂಜೆ ಹೊಲದ ಕಡೆ ನಡೆದೆ. ಬದುವಿನಿಂದ ಬದುವಿಗೆ ಕಬ್ಬು. ಅಪ್ಪ ಕುಣಿ ತೋಡುತ್ತಿದ್ದ ಜಾಗದಲ್ಲಿ ನೀರಿನ ಪೈಪು ಹಾದು ಹೋಗಿತ್ತು. ಹಿಂದೆ ಬಂದ ಅಣ್ಣ ನಾನು ಕೇಳುವ ಮೊದಲೇ ಹೇಳಿದ:

'ಜ್ವಾಳ ಬಿತ್ತಿ ಐದ ವರ್ಷ ಆತು ತಮ್ಮಾ. ನೀ ಕೇಳಿದಿ, ಇಲ್ಲ ಅನ್ನಾಕ ಮನಸ ಬರಲಿಲ್ಲ. ಸೊಲ್ಲಾಪುರ ಪ್ಯಾಟ್ಯಾಗ ತಗೊಂಡೆ.'

ಒಂದು ಡಬ್ಬಿ ಕಾಳಿಗಾಗಿ ಅವನು ಸುಮಾರು ನೂರು ಕಿಲೋಮೀಟರು ಹೋಗಿ ಬಂದಿದ್ದ. ನನಗೆ ನಾಚಿಕೆಯಾಯಿತು, ಸುಳ್ಳಿಗಲ್ಲ, ಐದು ವರ್ಷ ನಮ್ಮ ಹೊಲದಲ್ಲಿ ಏನಿದೆಯೆಂದು ಒಮ್ಮೆಯೂ ಕೇಳದಿದ್ದದ್ದಕ್ಕೆ. ಆದರೂ ಬಾಯಿಂದ ಬಂದದ್ದು ಆಕ್ಷೇಪವೇ. ಜೋಳ ಬಿಟ್ಟು ಕಬ್ಬು ಯಾಕೆ ಹಾಕಿದಿ ಎಂದುಬಿಟ್ಟೆ. ಅಣ್ಣ ಸಿಟ್ಟಾಗಲಿಲ್ಲ. ಲೆಕ್ಕ ಒಪ್ಪಿಸುವವನಂತೆ ಒಂದೊಂದಾಗಿ ಹೇಳಿದ. ಹಿಂಗಾರಿ ಜೋಳವನ್ನು ಬುಡಸಮೇತ ಕೈಯಿಂದಲೇ ಕೀಳಬೇಕು. ಕೀಳಲು ಆಳು ಸಿಗುವುದಿಲ್ಲ. ಮೊದಲು ಕಾಳಿನಷ್ಟೇ ಬೆಲೆ ಕಣಿಕೆಗಿತ್ತು. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಅದನ್ನು ತಿನ್ನುವವರಿಲ್ಲ. ಆಲಮಟ್ಟಿಯ ನೀರು ಬಂದ ಮೇಲೆ ಸುತ್ತಲಿನವರೆಲ್ಲ ಕಬ್ಬಿಗೆ, ದ್ರಾಕ್ಷಿಗೆ ಹೊರಳಿದರು. ಇಡೀ ಬಯಲು ಜೋಳವಿದ್ದಾಗ ಹಕ್ಕಿಗಳು ಎಲ್ಲರ ಹೊಲದಲ್ಲೂ ಇಷ್ಟಿಷ್ಟು ತಿನ್ನುತ್ತಿದ್ದವು. ಒಬ್ಬನೇ ಬಿತ್ತಿದರೆ ಸುತ್ತಿನ ಹಕ್ಕಿಯೆಲ್ಲ ಅವನ ಹೊಲಕ್ಕೇ ಇಳಿಯುತ್ತವೆ. ಅಟ್ಟಣಿಗೆಯ ಮೇಲೆ ನಿಂತು ಕವಣಿ ಬೀಸುವವರು ಯಾರು? ಅವನು ಹೇಳಲಿಲ್ಲ, ಆದರೆ ಆ ಕೆಲಸ ಹುಡುಗನಾಗಿದ್ದಾಗ ನನ್ನದಾಗಿತ್ತು.

ಮುಂಬಯಿಗೆ ಮರಳುವ ರೈಲು ಸೊಲ್ಲಾಪುರದಲ್ಲಿ ನಿಂತಾಗ ಇಳಿದು ಚಹ ಕುಡಿದೆ. ಪ್ಲಾಟ್‌ಫಾರ್ಮಿನಲ್ಲಿ ಕನ್ನಡವೂ ಮರಾಠಿಯೂ ಎಂದಿನಂತೆ ಒಂದರೊಳಗೊಂದು ಬೆರೆತು ಕೇಳಿಸುತ್ತಿದ್ದವು. ಹನ್ನೆರಡನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆ ಇದೇ ತಾನೆ; ಅವನ ಜಾತ್ರೆ ಇಂದಿಗೂ ಸಂಕ್ರಾಂತಿಗೆ, ಅಂದರೆ ಸೀತನಿಯ ಕಾಲಕ್ಕೇ ನೆರೆಯುತ್ತದೆ. 1956ರ ನವೆಂಬರಿನವರೆಗೆ ವಿಜಯಪುರ, ಸೊಲ್ಲಾಪುರ, ಸೂರತ್ ಮೂರೂ ಒಂದೇ ಮುಂಬಯಿ ರಾಜ್ಯದ ಜಿಲ್ಲೆಗಳು. ನಮ್ಮ ಮೇಜಿನ ಮೂವರ ತಂದೆಯರೂ ಒಂದೇ ಸರ್ಕಾರಕ್ಕೆ ಕಂದಾಯ ಕಟ್ಟಿದವರ ಮಕ್ಕಳು. ಲಾತೂರು, ಧಾರಾಶಿವ ಕಡೆಯ ಮರಾಠಿ ರೈತರು ಎಳ್ಳ ಅಮಾವಾಸ್ಯೆಯ ದಿನವೇ ಹೊಲಕ್ಕೆ ಹೋಗಿ ಪೂಜಿಸಿ ಉಣ್ಣುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ವೇಳ ಅಮಾವಸ್ಯಾ. ಎಳ್ಳ ಎಂಬುದು ಗಡಿ ದಾಟಿ ವೇಳ ಆಯಿತೆಂದು ನನಗೆ ಅನ್ನಿಸುತ್ತದೆ.

ನನ್ನನ್ನು ಹೆಚ್ಚು ಮೆತ್ತಗೆ ಮಾಡಿದ್ದು ಮಾತ್ರ ಬೀಜದ ವಿಚಾರ. ನಮ್ಮ ಎರಿ ಹೊಲಗಳಲ್ಲಿ ಅಪ್ಪನ ಕಾಲದಿಂದ ಬಿತ್ತುತ್ತಿದ್ದ ಜೋಳ ಮಾಲದಂಡಿ, ಇಲಾಖೆಯವರ ಭಾಷೆಯಲ್ಲಿ ಎಂ 35-1. ಅದನ್ನು ಊರ ಮಣ್ಣಿನಲ್ಲೇ ಹುಟ್ಟಿದ ತಳಿಯೆಂದು ನಂಬಿಕೊಂಡಿದ್ದೆ. ಸ್ಥಳೀಯ ಮಾಲದಂಡಿಯಿಂದ ಅದನ್ನು ಆಯ್ದು ಬೆಳೆಸಿದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ. ನಾವು ನಮ್ಮದೆಂದು ಸುಟ್ಟು ತಿಂದದ್ದು ಹಲವು ದಶಕಗಳಿಂದ ಅಲ್ಲಿಯದೇ ಬೀಜ. ಇದನ್ನು ಯಾರಿಗೂ ಹೇಳದೆ ಆ ವರ್ಷ ಕಳೆದೆ.

ಮುಂದಿನ ಸುಗ್ಗಿಗೆ ಅಣ್ಣ ಕಬ್ಬಿನ ಮಗ್ಗುಲಲ್ಲಿ ಹತ್ತು ಸಾಲು ಜೋಳ ಬಿತ್ತಿದ. ನಾನು ಕೇಳಿರಲಿಲ್ಲ. 'ಎಳ್ಳ ಅಮವಾಸಿಗೆ ಬಾ, ಹದ ಇರ್ತದ' ಎಂದು ಫೋನು ಮಾಡಿದ. 2024ರಲ್ಲಿ ಅಮಾವಾಸ್ಯೆ ಜನವರಿ 11ಕ್ಕೆ ಬಿದ್ದಿತ್ತು; ನನಗೆ ರಜೆ ಸಿಕ್ಕಿದ್ದು ಗಣರಾಜ್ಯೋತ್ಸವ ಮುಗಿದ ಮೇಲೆ. ಅಷ್ಟರಲ್ಲಿ ಏಳು ಸಾಲನ್ನು ಹಕ್ಕಿಗಳು ಮುಗಿಸಿದ್ದವು. ಉಳಿದ ಮೂರರಲ್ಲಿ ಎಳೆಯ ತೆನೆಗಳನ್ನು ಹುಡುಕಿ ಮುರಿದೆವು. ಊರಲ್ಲಿ ಕುಳ್ಳು ಸಿಗುವುದೂ ಕಷ್ಟವಾಗಿ ವೈನಿ ಮೂರು ಮನೆ ತಿರುಗಿ ತಂದರು. ಮೊದಲ ತೆನೆಯನ್ನು ತಿಕ್ಕುವಾಗಲೇ ನನ್ನ ಅಂಗೈಯಲ್ಲಿ ಬೊಬ್ಬೆಯೆದ್ದಿತು. ಅಣ್ಣ ಅದನ್ನು ನೋಡಿ, ಏನೂ ಅನ್ನದೆ, ನನ್ನ ಕೈಯಲ್ಲಿದ್ದ ತೆನೆಗಳನ್ನೂ ತಾನೇ ತೆಗೆದುಕೊಂಡು ತಿಕ್ಕಿದ. ಅವನ ಅಂಗೈ ಅಪ್ಪನದರಂತೆಯೇ ಆಗಿದೆ ಎಂಬುದನ್ನು ಅಂದು ಗಮನಿಸಿದೆ.

ಅದೇ ಸ್ಟೀಲಿನ ಡಬ್ಬಿಯನ್ನು ಕಚೇರಿಗೆ ಒಯ್ದೆ. ಸೊಲ್ಲಾಪುರದವರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ದಾಕ್ಷಿಣ್ಯದಿಂದ ನುಂಗಿ, ಹೋದ ವರ್ಷದ್ದು ಇದಕ್ಕಿಂತ ಬಹಳ ಚೆನ್ನಾಗಿತ್ತು ಎಂದರು. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಮೇಜು ಬಡಿದು ನಕ್ಕರು. ವಾರಕ್ಕೊಮ್ಮೆಯಾದರೂ ಈಗ ಆ ಕತೆ ಹೊಸಬರ ಮುಂದೆ ಹೊರಬರುತ್ತದೆ, ಪ್ರತಿ ಸಲವೂ ನನ್ನ ಉಪನ್ಯಾಸದ ಸಮೇತ. ಡಬ್ಬಿಯಲ್ಲಿ ಉಳಿದದ್ದನ್ನು ಮನೆಗೆ ತಂದೆ. ನನ್ನ ಹೆಂಡತಿ ಅದನ್ನು ರುಬ್ಬಿ, ಉಳ್ಳಾಗಡ್ಡಿ ಹಾಕಿ ತಾಲಿಪಟ್ಟಿ ತಟ್ಟಿದಳು.

ರಾತ್ರಿ ಅಣ್ಣನ ಫೋನು ಬಂತು. 'ಹೆಂಗಿತ್ತೋ? ಮಂದಿ ಏನಂದ್ರು?'

'ಹ್ವಾದ ಸಲದ್ದಕ್ಕಿಂತ ಚಲೋ ಇತ್ತಂತ ಅಣ್ಣಾ' ಎಂದೆ.

ಅವನು ನಕ್ಕ. 'ಸುಳ್ಳ ಹೇಳಬ್ಯಾಡ. ಬಲತಿತ್ತದು.'