ನೋಡಲು ಒಂದೇ, ಕೊಡಗು ಎರಡು

ಮಿಯಾಪುರದಲ್ಲಿ ಮೆಟ್ರೋ ಇಳಿದು ಹೊರಬಂದರೆ ಶೇರ್ ಆಟೋಗಳ ಸಾಲು. ಒಂದು ಬಾಚುಪಲ್ಲಿಗೆ, ಇನ್ನೊಂದು ನಿಜಾಂಪೇಟೆಗೆ. ನಿಮ್ಮ ದಾರಿಗೆ ಹೊಂದುವುದು ಸಿಗುವವರೆಗೆ ಒಂದೊಂದನ್ನೇ ಕೇಳುತ್ತ ಹೋಗಬೇಕು. ನಾನು ಕೆಲಸ ಮಾಡುವ ಎಲಿಕ್ಸರ್ ಭಾಷೆಯಲ್ಲಿ ಪ್ಯಾಟರ್ನ್ ಮ್ಯಾಚಿಂಗ್ ಎಂದರೆ ಹೆಚ್ಚುಕಡಿಮೆ ಇದೇ. ಒಂದೇ ಫಂಕ್ಷನ್ನಿಗೆ ಹಲವು ಸಾಲು ಬರೆದಿರುತ್ತೇವೆ. ಬಂದ ಮಾಹಿತಿಯನ್ನು ಮೇಲಿನಿಂದ ಕೆಳಕ್ಕೆ ತಾಳೆ ನೋಡಿ, ಮೊದಲು ಹೊಂದಿದ ಸಾಲು ಓಡುತ್ತದೆ. ಯಾವುದೂ ಹೊಂದದಿದ್ದರೆ ಎರರ್.

ಆ ಎರರ್ ಮೊದಲು ಮುಂಗೋಪಿ ಗುಮಾಸ್ತನಂತಿತ್ತು. ಹೊಂದುವ ಸಾಲಿಲ್ಲ ಎಂದು ಹೇಳಿ ಮುಖ ತಿರುಗಿಸುತ್ತಿತ್ತು. 2017ರಲ್ಲಿ ಬಂದ 1.5ನೇ ಆವೃತ್ತಿ ಇದನ್ನು ತಿದ್ದಿತು. (ಮಿಯಾಪುರಕ್ಕೆ ಮೆಟ್ರೋ ಬಂದದ್ದೂ ಅದೇ ವರ್ಷದ ನವೆಂಬರಿನಲ್ಲಿ.) ಏನು ಬಂತು, ಯಾವ ಯಾವ ಸಾಲು ಪ್ರಯತ್ನಿಸಿದೆ ಎಂದು ತೋರಿಸಿ, ಹೊಂದದ ಭಾಗವನ್ನು ಕೆಂಪಾಗಿಸುತ್ತದೆ. ನನ್ನ ಎಷ್ಟೋ ರಾತ್ರಿಗಳನ್ನು ಆ ಕೆಂಪು ಉಳಿಸಿದೆ.

ಒಮ್ಮೆ ಮಾತ್ರ ಅದೂ ಕೈಕೊಟ್ಟಿತು. ವಿದ್ಯಾರ್ಥಿವೇತನದ ಅರ್ಜಿಗಳ ಕೆಲಸ. ಕೊನೆಯ ದಿನಾಂಕಕ್ಕೆ ಎರಡೇ ದಿನ. ಕೊಡಗಿನ ಮಕ್ಕಳ ಕೆಲವು ಅರ್ಜಿಗಳು ಮುಂದಕ್ಕೆ ಹೋಗುತ್ತಿಲ್ಲ. ಪರದೆಯ ಮೇಲೆ, ಬಂದದ್ದು "ಕೊಡಗು". ಹೊಂದಲಿಲ್ಲವೆಂದು ಕೆಂಪಾಗಿರುವುದೂ "ಕೊಡಗು". ಪಕ್ಕದಲ್ಲಿದ್ದ ಖಮ್ಮಂ ಹುಡುಗಿ, ತೆಲುಗು ಲಿಪಿಯ ಬಲದಿಂದ ಕನ್ನಡ ಅರ್ಧಂಬರ್ಧ ಓದಬಲ್ಲವಳು, ಎರಡನ್ನೂ ದಿಟ್ಟಿಸಿ, "ಅಕ್ಕಾ, ರೆಂಡೂ ಒಕಟೇ ಕದಾ?" ಎಂದಳು.

ಒಂದೇ ಅಲ್ಲ. ಯೂನಿಕೋಡಿನಲ್ಲಿ "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆ ಎರಡನ್ನೂ ಒಂದೇ ರೀತಿ ಬಿಡಿಸುತ್ತದೆ. ಆದರೆ ಮೊದಲ ಕೊಡಗು 15 ಬೈಟ್, ಎರಡನೆಯದು 18. ಪ್ಯಾಟರ್ನ್ ನೋಡುವುದು ಬೈಟುಗಳನ್ನು, ರೂಪವನ್ನಲ್ಲ. ಫ್ರೆಂಚಿನವರಿಗೂ ಈ ಕಾಟವುಂಟು, ನಿಜ. ಬರೀ ಇಂಗ್ಲಿಷಿನಲ್ಲಿ ಪರೀಕ್ಷಿಸುವವರ ಕಣ್ಣಿಗೆ ಮಾತ್ರ ಇದು ಎಂದೂ ಬೀಳುವುದಿಲ್ಲ.

ಒಳಬರುವ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರುವ ಸಾಲು ಸೇರಿಸಿದೆವು. ಅರ್ಜಿಗಳು ಅಂದೇ ಹೊರಟವು. ಆದರೆ ಆ ಹುಡುಗಿಗೆ ಅಷ್ಟು ಸಾಲಲಿಲ್ಲ. ಎರರ್ ಸುಳ್ಳು ಹೇಳಿರಲಿಲ್ಲ, ಉಪಯೋಗಕ್ಕೂ ಬಂದಿರಲಿಲ್ಲ ಎಂಬುದು ಅವಳ ತಕರಾರು. ನನಗೂ ಸರಿಯೆನಿಸಿತು. ಎರಡು ಪದಗಳು ರೂಪದಲ್ಲಿ ಸಮವೇ ಎಂದು ಪರೀಕ್ಷಿಸುವ ಫಂಕ್ಷನ್ ಎಲಿಕ್ಸರಿನಲ್ಲೇ ಇದೆ. ಅದನ್ನು ಬಳಸಿ ನಮ್ಮ ತಂಡದ ಎರರ್‌ಗೆ ಅವಳೊಂದು ಸಾಲು ಜೋಡಿಸಿದಳು: "ನೋಡಲು ಒಂದೇ, ಒಳಗೆ ಬೇರೆ: 15 ಬೈಟ್, 18 ಬೈಟ್."

ಆಮೇಲೆ ಕರ್ನಾಟಕದ 31 ಜಿಲ್ಲೆಗಳನ್ನೂ ಒಡೆದು ನೋಡಿದಳು. ಹೀಗೆ ಎರಡಾಗಬಲ್ಲವು ಎಂಟು: ಕೊಡಗು, ಕೊಪ್ಪಳ, ಕೋಲಾರ, ಶಿವಮೊಗ್ಗ, ಬಾಗಲಕೋಟೆ, ಬೀದರ್, ಹಾವೇರಿ, ಮೈಸೂರು. ನನ್ನ ಹಾಸನ ಪಟ್ಟಿಯಲ್ಲಿಲ್ಲ ಎಂದು ನನಗೆ ಕೊಂಚ ಬೇಸರವೇ ಆಯಿತು.