ಮಾಂದಲಪಟ್ಟಿಯ ಹಾದಿಯ ಹಿರಿಯರು

ರೈಲು ಹಳಿ ಹಾಯದ ಜಿಲ್ಲೆ ಕೊಡಗು. ಮೈಸೂರಿನಿಂದ ಮಡಿಕೇರಿಯವರೆಗೆ ಬಸ್ಸಿನಲ್ಲಿ ಸುಖವಾಗಿ ಬರಬಹುದು. ಅಲ್ಲಿಂದ ಮಾಂದಲಪಟ್ಟಿಯ ಬೆಟ್ಟಕ್ಕೆ ಹೊರಟರೆ ಬಾಡಿಗೆಯ ಜೀಪನ್ನೇ ನೆಚ್ಚಬೇಕು. ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಎಣಿಸಿ ತೋರಿಸುವ ಈ ವಾಹನ ಅಮೆರಿಕದ ಸಂತಾನವೆಂಬುದು ಅದರಲ್ಲಿ ಕುಳಿತವರಿಗೆ ನೆನಪಾಗುವುದು ಅಪರೂಪ.

ಆ ವಂಶದ ಮೂಲಪುರುಷ, 1941ರಿಂದ 1945ರವರೆಗೆ ಯುದ್ಧಕ್ಕೆಂದು ತಯಾರಾದ ವಿಲ್ಲಿಸ್ ಎಂ.ಬಿ. ಯುದ್ಧ ಮುಗಿದ ಬಳಿಕ ಸೈನ್ಯ ಮಾರಿದ ಜೀಪುಗಳು ನಮ್ಮ ಬೆಟ್ಟದ ತೋಟಗಳಿಗೂ ಬಂದವು. 60 ಅಶ್ವಶಕ್ತಿಯ ಎಂಜಿನ್, ತಗ್ಗಾದ ಮೂತಿ, ಅದರಲ್ಲಿ ಒಂಬತ್ತು ಸೀಳು. ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಕೆಳಗೆ. ತುಂಬಿಸಬೇಕಾದರೆ ಆತ ಎದ್ದು ಮೆತ್ತೆಯನ್ನೆತ್ತಬೇಕು. ಹಿಂಬದಿಯಲ್ಲಿ ಬಾಗಿಲಿಲ್ಲ, ಬದಲಿ ಚಕ್ರವೂ ಪೆಟ್ರೋಲಿನ ಡಬ್ಬವೂ ಅಲ್ಲಿ ಜೋತಿರುತ್ತವೆ. ರಣರಂಗದಲ್ಲಿ ಕಾಫಿ ಮೂಟೆಯ ಯೋಚನೆ ಯಾರಿಗಿದ್ದೀತು! ಆದರೂ ಒಂದು ಜಾಣತನ ಮೆಚ್ಚತಕ್ಕದ್ದು: ಮುಂದಿನ ದೀಪಗಳನ್ನು ಹಿಂದಕ್ಕೆ ಮಗುಚಿದರೆ ಎಂಜಿನ್ನಿನ ಮೇಲೆಯೇ ಬೆಳಕು ಬೀಳುತ್ತದೆ. ಇರುಳಿನಲ್ಲಿ, ಕಾಡಿನ ನಡುವೆ ಕೆಟ್ಟು ನಿಂತವನಿಗೆ ಇದರ ಬೆಲೆ ತಿಳಿದೀತು.

1953ರಲ್ಲಿ ಬಂದ ಸಿ.ಜೆ.-3ಬಿ ಸಂಸಾರಸ್ಥ. ಮಹೀಂದ್ರಾ ಸಂಸ್ಥೆ ಪರವಾನಗಿ ಪಡೆದು ದಶಕಗಳ ಕಾಲ ಇದನ್ನು ಭಾರತದಲ್ಲಿ ತಯಾರಿಸಿತು. ಹಿಂದೆ ಮೂಟೆ ಏರಿಸಲು ಇಳಿಬಾಗಿಲು. ಚಕ್ರ ಪಕ್ಕಕ್ಕೆ ಸರಿದಿದೆ. ದೀಪಗಳು ದೊಡ್ಡವಾಗಿ ಸೀಳುಗಳು ಏಳಕ್ಕಿಳಿದಿವೆ. ಎತ್ತರದ ಹೊಸ ಎಂಜಿನ್ನಿಗೆ ಎಡೆಮಾಡಲು ಮೂತಿಯನ್ನೇ ಎತ್ತರಿಸಿದರು. ರೂಪ ಕೆಟ್ಟಿತೆಂಬುದು ನನ್ನ ಮತ. ಬಲವೇನೋ 70 ಅಶ್ವಶಕ್ತಿಯನ್ನು ದಾಟಿತು.

ಎರಡರಲ್ಲಿಯೂ ಗೇರ್ ಕೋಲಿನ ಪಕ್ಕದಲ್ಲಿ ಎರಡು ಸಣ್ಣ ಕೋಲುಗಳಿವೆ. ಒಂದು, ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ. ಇನ್ನೊಂದು, ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ, ಒಳತೋಟದ ಲೈನ್ ಮನೆಯಿಂದ ತುಂಬು ಗರ್ಭಿಣಿಯೊಬ್ಬಳನ್ನು ಆಸ್ಪತ್ರೆಗೆ ತರಬೇಕಾದಾಗ ಮೂತಿಯ ಅಂದಚೆಂದವನ್ನು ಯಾರೂ ವಿಚಾರಿಸುವುದಿಲ್ಲ. ಹಿಂದಿನ ಚಕ್ರಗಳು ಕೆಸರಿನಲ್ಲಿ ಬರಿದೇ ಸುತ್ತತೊಡಗಿದರೆ ಮುಂದಿನವು ಎಳೆದಾವೆಯೇ ಎಂಬುದಷ್ಟೇ ಪ್ರಶ್ನೆ. ಇದಕ್ಕೂ ಮಿತಿಯುಂಟು. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಸುತ್ತ ಗುಡ್ಡಗಳು ಕುಸಿದು ದಾರಿಗಳೇ ಕೊಚ್ಚಿಹೋದವು. ಅಲ್ಲಿ ಕಾಲ್ನಡಿಗೆಯೇ ಗತಿ.

ಈಗ ಮಾಂದಲಪಟ್ಟಿಗೆ ಏರುವ ಜೀಪುಗಳಲ್ಲಿ ಹೆಚ್ಚಿನವು ಇವೆರಡರ ಬಳಿಕ ಹುಟ್ಟಿದವು, ಡೀಸೆಲ್ ಕುಡಿಯುವವು. ಮುಂದಿನ ಆಸನ ದೊರೆತರೆ ಕಣಿವೆಯತ್ತ ನೋಡುವ ಆಸೆಯನ್ನು ಕೊಂಚ ತಡೆದು ಚಾಲಕನ ಎಡಗೈಯನ್ನು ಗಮನಿಸಿ. ಕಡಿದಾದ ತಿರುವು ಬಂದೊಡನೆ ಅದು ಅಂಥದೇ ಒಂದು ಸಣ್ಣ ಕೋಲನ್ನು ಹುಡುಕುತ್ತದೆ.