ಎರಡು ಗೇಟು

ಪೇಪರ್ ಓದುವಾಗ ನಮ್ಮ ವಾಚನಾಲಯದಾಗ ಒಂದು ವಾದ ತಪ್ಪದು: "ಮುಳುಗೋ ದೊಡ್ಡ ಕಂಪನಿಗೆ ಸರ್ಕಾರ ನಮ್ಮ ರೊಕ್ಕ ಯಾಕ ಹಾಕಬೇಕ್ರಿ?" ನಾನೂ ಬ್ಯಾಡ ಅನ್ನುವವನೇ.

ಆದರೆ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ನೋಡಿ. ತಾಂಡೂರಿನಲ್ಲಿ ಅದರ ಕಾರ್ಖಾನೆ. ಸೇಡಂ ಕಡೆ ರೈಲು ಹತ್ತಿದರೆ ಸಿಗುವ ಕುರಕುಂಟಾದಲ್ಲೂ ಒಂದು. ಕಂಪನಿ ನಷ್ಟಕ್ಕೆ ಬಿತ್ತು. 2006ರಲ್ಲಿ ಅದನ್ನು ಎತ್ತಿ ನಿಲ್ಲಿಸುವ ಯೋಜನೆ ಬಂತು: ತಾಂಡೂರು ಸೇರಿ ಮೂರು ಕಾರ್ಖಾನೆ ನಡೆಯಲಿ, ಮೊದಲೇ ನಿಂತಿದ್ದ ಕುರಕುಂಟಾ ಸೇರಿ ಏಳು ಮುಚ್ಚಲಿ.

ತಾಂಡೂರಿನ ಗೇಟಿನಲ್ಲಿ ಕೆಲಸಕ್ಕೆ ಹೋಗುವವರನ್ನು ಕಂಡಾಗ ನನ್ನ ಬಾಯಿ ಕಟ್ಟುತ್ತದೆ. ಕುರಕುಂಟಾ ದಾಟುವಾಗ ಮತ್ತೆ ಸಿಟ್ಟು ಬರುತ್ತದೆ. ಕಂಪನಿ ಉಳೀತು, ಆ ಊರಿಗೇನು ಬಂತು?

ರೊಕ್ಕ ಕೊಡಲಿ. ಆದರ ಎಷ್ಟು ಮನೆ ಒಲೆ ಉರೀತು, ಎಷ್ಟು ಆರಿತು ಅನ್ನೋ ಲೆಕ್ಕವನ್ನೂ ನಮಗ ಕೊಡಲಿ.